ಸೊನ್ನೆ ಎಲ್ಲಿ?

ನಮ್ಮ ಔಷಧಿ ಅಂಗಡಿಯ ಕೌಂಟರಿನ ಒಳಬದಿಯಲ್ಲಿ, ಗಿರಾಕಿಗಳಿಗೆ ಕಾಣದ ಜಾಗದಲ್ಲಿ, ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಇರುವುದು ಎರಡೇ ಪದ: ‘ಸೊನ್ನೆ ಎಲ್ಲಿ?’ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರೆಲ್ಲ ಮೊದಲ ದಿನವೇ ಕೇಳುತ್ತಾರೆ, ಇದೇನು ಮೇಡಂ ಅಂತ. ಅರ್ಧ ಎಂಎಲ್ ಅಂತ ಬರೆಯುವಾಗ ಬರೀ ಪಾಯಿಂಟ್ ಐದು ಬರೆಯಬಾರದು, ಮುಂದೆ ಸೊನ್ನೆ ಇರಲೇಬೇಕು, ಚುಕ್ಕಿ ಅಳಿಸಿಹೋದರೂ ಸೊನ್ನೆ ಕಣ್ಣಿಗೆ ಬೀಳುತ್ತದೆ ಅಂತ ಹೇಳಿಕೊಡುತ್ತೇನೆ. ಅಷ್ಟು ಹೇಳಿ ಸುಮ್ಮನಾಗುತ್ತೇನೆ. ಆ ಚೀಟಿಯ ಹಿಂದೆ ಇರುವ ಎರಡು ಕಥೆಗಳನ್ನು ಹೇಳುವುದಿಲ್ಲ. ಒಂದು ನನ್ನದು. ಇನ್ನೊಂದು ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯದು. ಇವತ್ತು ಎರಡನ್ನೂ ಬರೆಯಬೇಕು ಅನ್ನಿಸಿದೆ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಚಿಕ್ಕಪೇಟೆಯಲ್ಲಿ. ಮನೆಯಲ್ಲಿ ಪುಸ್ತಕ ಕೊಳ್ಳುವಷ್ಟು ದುಡ್ಡಿರಲಿಲ್ಲ, ಆದರೆ ಓದುವ ಚಪಲ ಎಲ್ಲರಿಗೂ ಇತ್ತು. ಬೀದಿಯ ತುದಿಯಲ್ಲಿ ಒಂದು ಬಾಡಿಗೆ ಲೈಬ್ರರಿ. ಅಲ್ಲಿಂದ ರಟ್ಟು ಹಾಕಿದ ಕಾದಂಬರಿಗಳು ಮನೆಗೆ ಬರುತ್ತಿದ್ದವು. ಅಮ್ಮನಿಗೆ ಸಾಮಾಜಿಕ ಕಾದಂಬರಿ. ಅಣ್ಣನಿಗೆ ಪತ್ತೇದಾರಿ, ಅದರಲ್ಲೂ ಎನ್. ನರಸಿಂಹಯ್ಯನವರದು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಮನುಷ್ಯ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ನಮ್ಮ ಮನೆಗೆ ಹತ್ತಿರದ ನೆಂಟನ ಹಾಗಿದ್ದ. ಎಷ್ಟೋ ಸಲ ಕೊನೆಯ ಹಾಳೆಯನ್ನೇ ಯಾರೋ ಹರಿದುಕೊಂಡಿರುತ್ತಿದ್ದರು. ಆಗ ರಾತ್ರಿ ಊಟದ ಹೊತ್ತಲ್ಲಿ ಅಣ್ಣ, ನಾನು, ಅಮ್ಮ ಕೂತು ಕೊಲೆ ಯಾರು ಮಾಡಿರಬಹುದು ಅಂತ ವಾದ ಮಾಡುತ್ತಿದ್ದೆವು. ಗೆಲ್ಲುತ್ತಿದ್ದದ್ದು ಅಮ್ಮ. ‘ಅಷ್ಟೊಂದು ಉಪಚಾರ ಮಾಡ್ತಿದ್ನಲ್ಲ, ಅವನೇ’ ಅನ್ನುತ್ತಿದ್ದಳು, ಸಾರು ಬಡಿಸುತ್ತಾ.

ಡಿ ಫಾರ್ಮ ಮುಗಿಸಿ ಊರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದೆ. ಅಗಾಥಾ ಕ್ರಿಸ್ಟಿಯ ಹೆಸರು ಗೊತ್ತಿತ್ತು, ಓದಿರಲಿಲ್ಲ. ಒಂದು ಭಾನುವಾರ ತುಮಕೂರು–ಬೆಂಗಳೂರು ಪುಶ್‌ಪುಲ್ ರೈಲು ಹತ್ತಿ ಅವೆನ್ಯೂ ರಸ್ತೆಗೆ ಹೋದಾಗ, ಹಳೇ ಪುಸ್ತಕದ ರಾಶಿಯಲ್ಲಿ ಆಕೆಯ ಆತ್ಮಕಥೆ ಸಿಕ್ಕಿತು. ದಪ್ಪ ಪುಸ್ತಕ, ಬೆನ್ನು ಕಿತ್ತುಹೋಗಿತ್ತು. ಕಾದಂಬರಿ ಬಿಟ್ಟು ಅದನ್ನೇ ತಂದದ್ದು ಯಾಕೆ ಅಂದರೆ, ಸುಮ್ನೆ ನಡುವೆ ಒಂದು ಪುಟ ತೆರೆದಾಗ ಅಲ್ಲಿ ಔಷಧಿ ಅಂಗಡಿಯ ಮಾತಿತ್ತು. ಮುಲಾಮು, ತೂಕದ ತಕ್ಕಡಿ, ಕಾರ್ಬಾಲಿಕ್ ಆಸಿಡ್. ಇಂಗ್ಲಿಷನ್ನು ನಿಧಾನಕ್ಕೆ, ಡಿಕ್ಷನರಿ ಪಕ್ಕ ಇಟ್ಟುಕೊಂಡು ಓದುವವಳು ನಾನು. ಪುಸ್ತಕ ಮುಗಿಸಲು ಐದು ತಿಂಗಳು ಹಿಡಿಯಿತು. ಅವತ್ತಿನಿಂದ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತೇನೆ, ಒಂದೇ ಕೌಂಟರಿನಲ್ಲಿ ಜೊತೆಗೆ ನಿಂತ ಗೆಳತಿಯ ಹಾಗೆ.

ಅಗಾಥಾ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಕಡಲ ತೀರದ ಊರು ಟಾರ್ಕಿಯಲ್ಲಿ. 11 ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಓದು ಹೆಚ್ಚಾಗಿ ಮನೆಯಲ್ಲೇ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಮದುವೆಯಾದಳು. ಗಂಡ ಯುದ್ಧಕ್ಕೆ ಹೋದ, ಈಕೆ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ನಿಂತಳು. ಮೊದಲು ನರ್ಸ್ ಕೆಲಸ. ಆಮೇಲೆ ಆಸ್ಪತ್ರೆಯ ಔಷಧಿ ಕೋಣೆಗೆ ಕಳಿಸಿದರು. ಅದಕ್ಕೆ ಪರೀಕ್ಷೆ ಕಟ್ಟಬೇಕಿತ್ತು. 1917ರಲ್ಲಿ ಪಾಸು ಮಾಡಿದಳು. ಆ ಕೆಲಸಕ್ಕೆ ವರ್ಷಕ್ಕೆ 16 ಪೌಂಡ್ ಸಂಬಳ. ಪರೀಕ್ಷೆಗೆ ತಯಾರಾಗುವಾಗ ಪಾಷಾಣ ಪತ್ತೆ ಮಾಡುವ ಪ್ರಯೋಗವನ್ನು ಗೆಳತಿಯ ಜೊತೆ ಮಾಡಿ ನೋಡಲು ಹೋಗಿ ಕಾಫಿ ಕಾಯಿಸುವ ಗಾಜಿನ ಯಂತ್ರವನ್ನೇ ಸಿಡಿಸಿಬಿಟ್ಟಳಂತೆ.

ಈಗಿನ ಹುಡುಗರಿಗೆ ಆ ಔಷಧಿ ಕೋಣೆ ಹೇಗಿತ್ತು ಅಂತ ಹೇಳಬೇಕು. ಈಗ ನಾವು ಸ್ಟ್ರಿಪ್ ಕತ್ತರಿಸಿ ಕೊಡುತ್ತೇವೆ, ಅಷ್ಟೇ. ಆಗ ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಅರೆಯುವುದು, ತೂಗುವುದು, ಕರಗಿಸುವುದು, ಬಾಟ್ಲಿಗೆ ತುಂಬಿಸುವುದು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಡಾಕ್ಟರ ಹತ್ತಿರವೂ ಒಬ್ಬ ಕಾಂಪೌಂಡರ್ ಇದ್ದರು. ಮನೆಯಿಂದಲೇ ಬಾಟ್ಲಿ ತೊಳೆದು ತೆಗೆದುಕೊಂಡು ಹೋಗಬೇಕಿತ್ತು. ಅವರು ಕೆಂಪು ಮಿಕ್ಸ್ಚರ್ ತುಂಬಿಸಿ, ಗರಗಸದ ಹಲ್ಲಿನ ಹಾಗೆ ಕತ್ತರಿಸಿದ ಬಿಳಿ ಕಾಗದದ ಪಟ್ಟಿಯನ್ನು ಬಾಟ್ಲಿಗೆ ಅಂಟಿಸುತ್ತಿದ್ದರು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಕೊಡುವಾಗ ಒಂದೇ ಮಾತು: ‘ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು.’ ತಳದಲ್ಲಿ ಗಸಿ ನಿಲ್ಲುತ್ತದಲ್ಲ, ಅದಕ್ಕೆ. ಅಲ್ಲಾಡಿಸದೆ ಕುಡಿದರೆ ಮೊದಲ ಹೊತ್ತು ಬರೀ ನೀರು, ಕೊನೆಯ ಹೊತ್ತು ಪೂರ್ತಿ ಔಷಧಿ.

ಅಗಾಥಾಳ ಮೊದಲ ಕಾದಂಬರಿ ನಿಂತಿರುವುದು ಈ ಗಸಿಯ ಮೇಲೆ. ಇದಕ್ಕಿಂತ ಜಾಸ್ತಿ ಹೇಳಿದರೆ ಓದದವರಿಗೆ ಕಥೆ ಕೆಟ್ಟುಹೋಗುತ್ತದೆ. ಆದರೆ ವಿಷದ ಬಗ್ಗೆ ಒಂದು ಮಾತು ಹೇಳಬಹುದು. ಅದು ಸ್ಟ್ರಿಕ್ನಿನ್, ನಮ್ಮ ದೇಶದ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿ ಇರುವಂಥದ್ದು. ಆ ಕಾಲದಲ್ಲಿ ಅದನ್ನು ಚೂರೇ ಚೂರು ಟಾನಿಕ್ಕಿಗೆ ಸೇರಿಸುತ್ತಿದ್ದರು, ಹಸಿವಾಗಲಿ, ಮೈಗೆ ಬಲ ಬರಲಿ ಅಂತ. ಚೂರು ಇದ್ದರೆ ಟಾನಿಕ್, ಜಾಸ್ತಿಯಾದರೆ ಸಾವು. ಬಾಟ್ಲಿ ಒಂದೇ. ಕಪಾಟಿನಲ್ಲಿ ಸುತ್ತಲೂ ಅಂಥ ಬಾಟ್ಲಿಗಳನ್ನು ಇಟ್ಟುಕೊಂಡು, ಕೆಲಸ ಕಡಿಮೆ ಇದ್ದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂತಿದ್ದಾಗ ಆಕೆಗೆ ಕಥೆ ಹೊಳೆಯಿತು. ಪತ್ತೇದಾರಿ ಕಥೆ ಬರೆಯುವುದು ನಿನ್ನ ಕೈಲಾಗಲ್ಲ ಅಂತ ಅಕ್ಕ ಮ್ಯಾಡ್ಜ್ ಹಿಂದೆ ಯಾವಾಗಲೋ ಸವಾಲು ಹಾಕಿದ್ದಳು. ಅದೂ ಮನಸ್ಸಿನಲ್ಲಿತ್ತು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಬೆಲ್ಜಿಯಂ ನಿರಾಶ್ರಿತರು ಆಗ ಟಾರ್ಕಿಯಲ್ಲಿ ನೆಲೆಸಿದ್ದರು. ಪತ್ತೇದಾರ ಅವರಲ್ಲೊಬ್ಬನಾದರೆ ಹೇಗೆ ಅಂದುಕೊಂಡಳು. ಹಾಗೆ ಬಂದವನು ಎರ್ಕ್ಯೂಲ್ ಪ್ವಾರೋ.

1916ರಲ್ಲಿ ಬರೆದು ಮುಗಿಸಿದ ಆ ಕಥೆಯನ್ನು ಒಬ್ಬರಾದ ಮೇಲೊಬ್ಬ ಪ್ರಕಾಶಕರು ವಾಪಸ್ ಕಳಿಸಿದರು. ಕೊನೆಗೆ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಅನ್ನುವ ಹೆಸರಿನಲ್ಲಿ ಅಚ್ಚಾಗಿದ್ದು 1920ರಲ್ಲಿ. ಆಕೆಯ ಕೈಗೆ ಬಂದದ್ದು 25 ಪೌಂಡ್. ಆದರೆ ಆಕೆಗೆ ತುಂಬ ಖುಷಿ ಕೊಟ್ಟದ್ದು ದುಡ್ಡಲ್ಲ, ಔಷಧಿ ವ್ಯಾಪಾರದವರ ಪತ್ರಿಕೆಯೊಂದರಲ್ಲಿ ಬಂದ ಮೆಚ್ಚುಗೆ. ಕಥೆಯಲ್ಲಿ ವಿಷದ ವಿಚಾರವನ್ನು ಸರಿಯಾಗಿ ತಿಳಿದು ಬರೆದಿದ್ದಾರೆ ಅಂತ ಅವರು ಹೊಗಳಿದ್ದರು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿ ಬಂತು. ನಮ್ಮ ಕಸುಬಿನವರು ಹೊಗಳುವುದು ಎಷ್ಟು ಕಮ್ಮಿ ಅಂತ ಈ ಕಸುಬಿನಲ್ಲಿ ಇದ್ದವರಿಗೇ ಗೊತ್ತು.

ಈಗ ಆ ರಾತ್ರಿಯ ಕಥೆ.

ಒಂದು ದಿನ ಅಗಾಥಾ ಮುಲಾಮು ತಯಾರಿಸುತ್ತಿದ್ದಳು. ಅದಕ್ಕೆ ಕಾರ್ಬಾಲಿಕ್ ಆಸಿಡ್, ಅಂದರೆ ಜಾಸ್ತಿಯಾದರೆ ಚರ್ಮವನ್ನೇ ಸುಡುವ ಕ್ರಿಮಿನಾಶಕ, ಹನಿ ಹನಿಯಾಗಿ ಸೇರಿಸಬೇಕು. ಆಸಿಡ್ಡನ್ನು ಒಂದು ಮುಚ್ಚಳಕ್ಕೆ ಹಾಕಿಕೊಂಡು, ಅದರಿಂದ ತೆಗೆದು ಹಾಕುತ್ತಿದ್ದಳು. ಕೆಲಸ ಮುಗಿಸಿ ಮನೆಗೆ ಹೋಗಿ ಮಲಗಿದಳು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ಆ ಮುಚ್ಚಳ ಏನು ಮಾಡಿದೆ? ಎಷ್ಟು ಯೋಚಿಸಿದರೂ ತೊಳೆದಿಟ್ಟ ನೆನಪು ಬರಲಿಲ್ಲ. ಅದನ್ನೇ ಯಾವುದಾದರೂ ಮುಲಾಮಿನ ಡಬ್ಬಿಗೆ ಮುಚ್ಚಿಬಿಟ್ಟೆನಾ? ಬೆಳಗಾದರೆ ನರ್ಸ್ ಬಂದು ಡಬ್ಬಿ ಎತ್ತಿಕೊಂಡು ಹೋಗುತ್ತಾಳೆ, ಯಾರದೋ ಗಾಯಕ್ಕೆ ಹಚ್ಚುತ್ತಾಳೆ. ಎದ್ದಳು. ಬಟ್ಟೆ ಹಾಕಿಕೊಂಡು ಕತ್ತಲಲ್ಲಿ ಆಸ್ಪತ್ರೆಗೆ ನಡೆದಳು. ಔಷಧಿ ಕೋಣೆಗೆ ಹೋಗಿ ಒಂದೊಂದೇ ಡಬ್ಬಿ ತೆರೆದು ಮೂಸಿ ನೋಡಿದಳು. ಒಂದರಲ್ಲಿ ಲೇಸಾಗಿ ಕಾರ್ಬಾಲಿಕ್ ವಾಸನೆ ಬಂದ ಹಾಗಾಯಿತು. ನಿಜವಾಗಿ ಬಂತೋ, ಹಾಗೆ ಅನ್ನಿಸಿತೋ, ಅದು ಆಕೆಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಮೇಲಿನ ಪದರವನ್ನು ತೆಗೆದು ಬಿಸಾಡಿ ಮನೆಗೆ ಬಂದಳು.

ಈ ಪುಟ ಓದುವಾಗ ನನ್ನ ಕೈ ನಡುಗಿತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 1998ರ ಮಾರ್ಚ್‌ನಲ್ಲಿ, ನಾನೂ ಮೂರು ಗಂಟೆಗೆ ಎದ್ದು ಕೂತಿದ್ದೆ.

ಮಾರ್ಚ್ ಅಂದರೆ ತುಮಕೂರಿನ ಮಾರ್ಕೆಟ್ ಯಾರ್ಡಿನಲ್ಲಿ ಹುಣಸೆಹಣ್ಣಿನ ಕಾಲ. ಸುತ್ತಲಿನ ಊರುಗಳಿಂದ ಹುಣಸೆಹಣ್ಣು ತುಂಬಿಕೊಂಡು ಬರುತ್ತಾರೆ. ಸಂಜೆ ಏಳರ ಸುಮಾರಿಗೆ ಒಬ್ಬರು ಅಂಗಡಿಗೆ ಓಡಿಬಂದರು. ಅಂಗಿಗೆಲ್ಲ ಹುಣಸೆಯ ಕಂದು ಬಣ್ಣ ಮೆತ್ತಿತ್ತು. ‘ತೋವಿನಕೆರೆ ಕಡೆ ಲಾಸ್ಟ್ ಬಸ್ ಹೊಂಟೋಗುತ್ತೆ, ಬೇಗ ಕೊಡಿ ಮೇಡಮ್ಮ, ಮಗೀಗೆ ಜ್ವರ’ ಅಂದರು. ಚೀಟಿಯಲ್ಲಿ ಕೂಸಿನ ಜ್ವರದ ಡ್ರಾಪ್ಸ್ ಬರೆದಿತ್ತು. ಅಂಗಡಿ ತುಂಬ ಜನ. ಬಾಟ್ಲಿ ತೆಗೆದೆ, ಡಬ್ಬಿಯ ಮೇಲೆ ಪೆನ್ನಿನಲ್ಲಿ ‘5 ಎಂಎಲ್, ದಿನಕ್ಕೆ 3 ಸಲ’ ಅಂತ ಬರೆದು ಕೊಟ್ಟೆ. ಅವರು ಚಿಲ್ಲರೆಯನ್ನೂ ಎಣಿಸದೆ ಓಡಿದರು.

ರಾತ್ರಿ ಮೂರಕ್ಕೆ ಎಚ್ಚರವಾದಾಗ ಮೊದಲು ನೆನಪಾದದ್ದು ತಪ್ಪಲ್ಲ, ಲೆಕ್ಕ. ಆ ಡ್ರಾಪ್ಸಿನ ಬಾಟ್ಲಿ ಇರುವುದೇ 15 ಎಂಎಲ್. ಹೊತ್ತಿಗೆ 5ರಂತೆ ಮೂರು ಹೊತ್ತು ಅಂದರೆ ಒಂದೇ ದಿನಕ್ಕೆ ಖಾಲಿ. ಡಾಕ್ಟರು ಐದು ದಿನಕ್ಕೆ ಒಂದೇ ಬಾಟ್ಲಿ ಬರೆದಿದ್ದರಲ್ಲ? ಎದೆ ಧಸಕ್ ಅಂದಿತು. ಚೀಟಿ ಕಣ್ಣ ಮುಂದೆ ಬಂತು. ಐದರ ಹಿಂದೆ ಒಂದು ಚುಕ್ಕಿ ಇತ್ತೇ? ಪೆನ್ನು ತಾಗಿದ ಗುರುತು ಅಂದುಕೊಂಡೆನೇ? ಡ್ರಾಪ್ಸಿನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ. ಅರ್ಧ ಎಂಎಲ್ ಅಂದರೆ 50. ನಾನು ಬರೆದದ್ದು 500. ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು, ಮೂರು ನಾಲ್ಕು ತಿಂಗಳ ಕೂಸಿಗೆ, ದಿನಕ್ಕೆ ಮೂರು ಸಲ.

ಆಗ ಮೊಬೈಲ್ ಇರಲಿಲ್ಲ. ಅವರ ಹೆಸರೂ ಗೊತ್ತಿರಲಿಲ್ಲ. ಅಮ್ಮನನ್ನು ಎಬ್ಬಿಸಿ ವಿಷಯ ಹೇಳಿದೆ. ಅವಳು ಏನೂ ಬಯ್ಯಲಿಲ್ಲ. ದೀಪ ಹಾಕಿ, ಕಾಫಿ ಕಾಯಿಸಿ, ‘ಮೊದಲನೇ ಬಸ್ಸಿಗೆ ಹೋಗು, ಹುಣಸೆಹಣ್ಣಿನವರು ಅಂದ್ರೆ ಕಂಡಕ್ಟರಿಗೆ ಗೊತ್ತಿರುತ್ತೆ’ ಅಂದಳು. ಗೊತ್ತಿತ್ತು. ತೋವಿನಕೆರೆಗಿಂತ ಮುಂಚೆಯೇ ಒಂದು ಗೇಟಿನ ಹತ್ತಿರ ಇಳಿಸಿ, ಹೊಲದ ನಡುವಿನ ದಾರಿ ತೋರಿಸಿದ. ಆ ಒಂದೂವರೆ ಮೈಲಿಯನ್ನು ನಾನು ನಡೆಯಲಿಲ್ಲ, ಓಡಿದೆ. ದೂರದಿಂದ ಮನೆಯ ಮುಂದೆ ಜನ ಸೇರಿದ್ದಾರಾ ಅಂತ ನೋಡುತ್ತಾ ಓಡಿದೆ.

ಜನ ಇರಲಿಲ್ಲ. ಜಗಲಿಯ ಮೇಲೆ ಒಬ್ಬ ಅಜ್ಜಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಕೂಸು ಕೈಕಾಲು ಆಡಿಸುತ್ತಿತ್ತು. ನನಗೆ ಮಾತು ಹೊರಡಲಿಲ್ಲ. ಡಬ್ಬಿ ಮೇಲಿನ ಚೀಟಿ ಬದಲಾಯಿಸಬೇಕಿತ್ತು, ಅದಕ್ಕೆ ಬಂದೆ ಅಂತ ಹೇಳಿದೆ. ಅಜ್ಜಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಚಪ್ಪಲಿಯ ಕೆಮ್ಮಣ್ಣು, ಬಾಚದ ತಲೆ, ಎಲ್ಲ. ಆಮೇಲೆ ಹೇಳಿದರು: ‘ಐದು ಹಾಕಬೇಕು ಅಂದ ನನ್ನ ಮಗ. ಈ ಫಿಲ್ಲರ್ ನೋಡವ್ವ, ಒಂದು ಸಲ ತುಂಬಿದ್ರೆ ಒಂದು. ಐದು ಸಲ ತುಂಬಿ ಹುಯ್ಯೋಕೆ ಇದೇನು ಕರಾನಾ? ಅಷ್ಟು ಕೊಡೋದಾಗಿದ್ರೆ ಇಷ್ಟು ಸಣ್ಣ ಫಿಲ್ಲರ್ ಯಾಕೆ ಮಾಡ್ತಿದ್ರು? ನಾನು ಅರ್ಧ ಹಾಕಿದೆ. ಬೆವತು ಜ್ವರ ಬಿಡ್ತು.’

ನಾನು ಡಬ್ಬಿಯ ಮೇಲೆ ‘5’ ಹೊಡೆದುಹಾಕಿ ‘0.5’ ಅಂತ ದಪ್ಪಗೆ ಬರೆದೆ. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ವಾಪಸ್ ಬಸ್ಸು ಹತ್ತಿದೆ. ತಪ್ಪು ನನ್ನದು ಅಂತ ಹೇಳಲಿಲ್ಲ. ಅಂಗಡಿಯ ಯಜಮಾನರಿಗೆ ಹೇಳಿದೆ. ‘ಆಗಿದ್ದು ಆಯ್ತು, ಯಾರ ಹತ್ರಾನೂ ಬಾಯಿ ಬಿಡಬೇಡ’ ಅಂದರು. ಬಿಡಲಿಲ್ಲ.

ಇದಾದ ಮೇಲೆ ಅಗಾಥಾಳ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್ ಕಥೆಗಳನ್ನು ಓದಿದಾಗ ನನಗೆ ಹೊಸಬರನ್ನು ನೋಡಿದ ಹಾಗೆ ಅನ್ನಿಸಲೇ ಇಲ್ಲ. ಹಳ್ಳಿಯಲ್ಲಿ ಕೂತು ಸ್ವೆಟರ್ ಹೆಣೆಯುವ ಅವಿವಾಹಿತ ಮುದುಕಿ. ಪೊಲೀಸರು ತಲೆ ಕೆಡಿಸಿಕೊಂಡಿರುವಾಗ ‘ನಮ್ಮ ಊರಲ್ಲಿ ಮೀನು ಮಾರುವವನೊಬ್ಬ ಹೀಗೇ ಮಾಡಿದ್ದ’ ಅನ್ನುವಂಥ ಮಾತು ತೆಗೆದು, ಅಲ್ಲಿಂದಲೇ ಕೊಲೆಗಾರನನ್ನು ಹಿಡಿಯುತ್ತಾಳೆ. ಅಗಾಥಾ ಈ ಪಾತ್ರಕ್ಕೆ ತನ್ನ ಅಜ್ಜಿಯ ಗುಣವನ್ನು ಸ್ವಲ್ಪ ಕೊಟ್ಟಿದ್ದಳಂತೆ. ಎಲ್ಲರ ಬಗ್ಗೆ ಪ್ರೀತಿ ಇದ್ದರೂ, ಯಾರಿಂದಲೂ ಒಳ್ಳೆಯದನ್ನೇ ನಿರೀಕ್ಷೆ ಮಾಡದ ಅಜ್ಜಿ. ಅಂಥ ಅಜ್ಜಿಯ ಅನುಮಾನ ಹೆಚ್ಚಿನ ಸಲ ನಿಜವೂ ಆಗುತ್ತಿತ್ತು. ಪ್ವಾರೋನ ಬುದ್ಧಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಮನಸ್ಸು ಇರುವುದು ಮಾರ್ಪಲ್ ಹತ್ತಿರ. ಪತ್ತೇದಾರಿಕೆಗೆ ಬೇಕಾದದ್ದು ದೊಡ್ಡ ತಲೆ ಅಂತ ಜನ ತಿಳಿದಿದ್ದಾರೆ. ಫಿಲ್ಲರಿನ ಅಳತೆಗೂ ಬರೆದ ಅಂಕಿಗೂ ತಾಳೆಯಾಗುತ್ತಿಲ್ಲ ಅಂತ ಕೈ ತಡೆಯುತ್ತದಲ್ಲ, ಅಗಾಥಾ 66 ಪತ್ತೇದಾರಿ ಕಾದಂಬರಿಗಳಲ್ಲಿ ಬರೆದದ್ದು ಅದನ್ನೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆಕೆಯ ಕಥೆಗಳಲ್ಲಿ ರಕ್ತ ಕಮ್ಮಿ, ಬಾಟ್ಲಿ ಜಾಸ್ತಿ. ಯಾರು ತುಂಬಿಸಿದರು, ಯಾರು ಸುರಿದರು, ಲೋಟ ಯಾರ ಕೈಯಲ್ಲಿತ್ತು, ತಳದಲ್ಲಿ ಏನುಳಿದಿತ್ತು. ಔಷಧಿ ಕೋಣೆಯ ಕೆಲಸ ಬಿಟ್ಟರೂ ಆ ಕಣ್ಣು ಆಕೆಯನ್ನು ಬಿಡಲಿಲ್ಲ.

1926ರ ಬಗ್ಗೆಯೂ ಬರೆಯಬೇಕು, ಯಾಕೆಂದರೆ ಆಕೆಯ ಹೆಸರು ಹೇಳಿದರೆ ಎಷ್ಟೋ ಜನ ಮೊದಲು ಕೇಳುವುದು ಅದನ್ನೇ. ಆ ಡಿಸೆಂಬರ್ 3ರ ರಾತ್ರಿ ಆಕೆ ಕಾರು ತೆಗೆದುಕೊಂಡು ಮನೆ ಬಿಟ್ಟಳು. ಕಾರು ಸಿಕ್ಕಿತು, ಆಕೆ ಸಿಗಲಿಲ್ಲ. ಪೊಲೀಸರು, ಊರವರು, ಪೇಪರಿನವರು ಎಲ್ಲ ಹುಡುಕಿದರು. 14ರಂದು ಹ್ಯಾರೊಗೇಟ್ ಅನ್ನುವ ಊರಿನ ಹೋಟೆಲಿನಲ್ಲಿ ಸಿಕ್ಕಳು. ಬೇರೆ ಹೆಸರಿನಲ್ಲಿ ಉಳಿದುಕೊಂಡಿದ್ದಳು. ಆ ಹೆಸರಿನ ಕೊನೆಯ ಭಾಗ, ಗಂಡ ಮೆಚ್ಚಿಕೊಂಡಿದ್ದ ಹೆಂಗಸಿನ ಮನೆತನದ ಹೆಸರು. ಪ್ರಚಾರಕ್ಕೆ ಮಾಡಿದಳು, ಗಂಡನ ಮೇಲಿನ ಸೇಡಿಗೆ ಮಾಡಿದಳು ಅಂತೆಲ್ಲ ಮಾತಾಡಿದರು, ಇವತ್ತಿಗೂ ಮಾತಾಡುತ್ತಾರೆ. ಆತ್ಮಕಥೆಯಲ್ಲಿ ಆಕೆ ಆ ದಿನಗಳ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಆದರೆ ಅದಕ್ಕೆ ಮುಂಚಿನ ತಿಂಗಳುಗಳ ಬಗ್ಗೆ ಬರೆದಿದ್ದಾಳೆ. ಅಮ್ಮ ಸತ್ತಿದ್ದಳು. ತಾನು ಹುಟ್ಟಿ ಬೆಳೆದ ಮನೆಯನ್ನು ಒಬ್ಬಳೇ ಖಾಲಿ ಮಾಡುತ್ತಿದ್ದಳು, ಪೆಟ್ಟಿಗೆ ಮೇಲೆ ಪೆಟ್ಟಿಗೆ. ಊಟ ಇಲ್ಲ, ನಿದ್ದೆ ಇಲ್ಲ. ಅದರ ಮೇಲೆ ಗಂಡ ಬಂದು, ಬೇರೊಬ್ಬಳನ್ನು ಮದುವೆಯಾಗಬೇಕು ಅಂದ.

ನಾನೂ ಅಮ್ಮ ಹೋದ ಮೇಲೆ ಚಿಕ್ಕಪೇಟೆಯ ಮನೆ ಖಾಲಿ ಮಾಡಿದ್ದೇನೆ. ಅಡುಗೆಮನೆಯ ಅಟ್ಟದಲ್ಲಿ ಒಂದು ಹಾರ್ಲಿಕ್ಸ್ ಬಾಟ್ಲಿ ಸಿಕ್ಕಿತು. ಅದರೊಳಗೆ ನಾನು ಮೊದಲ ಸಂಬಳದಲ್ಲಿ ಕೊಟ್ಟಿದ್ದ ನೂರು ರೂಪಾಯಿ ನೋಟು, ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆ ಹೊತ್ತು ಎಲ್ಲಿ ಹೋಗಿತ್ತು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಅಗಾಥಾಳ ಆ 11 ದಿನಗಳನ್ನೂ ಕೇಳಬಾರದು ಅನ್ನುವವಳು ನಾನು.

ಮುಂದೆ ಆಕೆಗೆ ಒಳ್ಳೆಯ ದಿನಗಳು ಬಂದವು. 1928ರಲ್ಲಿ ವಿಚ್ಛೇದನವಾಯಿತು. ಒಬ್ಬಳೇ ರೈಲು ಹತ್ತಿ ಬಾಗ್ದಾದಿನವರೆಗೆ ಹೋದಳು. ಎರಡನೇ ಸಲ ಹೋದಾಗ ಮ್ಯಾಕ್ಸ್ ಮ್ಯಾಲೋವನ್ ಅನ್ನುವ ಪುರಾತತ್ವದವನ ಪರಿಚಯವಾಗಿ, 1930ರಲ್ಲಿ ಅವನನ್ನು ಮದುವೆಯಾದಳು. ವಯಸ್ಸಿನಲ್ಲಿ ಆಕೆಗಿಂತ 13 ವರ್ಷಕ್ಕೂ ಜಾಸ್ತಿ ಚಿಕ್ಕವನು. ಇರಾಕಿನ ನಿಮ್ರುದ್ ಅನ್ನುವಲ್ಲಿ ಗಂಡ ನೆಲ ಅಗೆಸುತ್ತಿದ್ದರೆ ಈಕೆ ಸಿಕ್ಕಿದ ದಂತದ ಚೂರುಗಳನ್ನು ಶುಚಿ ಮಾಡುತ್ತಿದ್ದಳು. ಹೆಣಿಗೆ ಕಡ್ಡಿಯಿಂದ ಸಂದಿಯ ಮಣ್ಣು ಕೆದಕಿ, ಮುಖಕ್ಕೆ ಹಚ್ಚುವ ಕ್ರೀಮಿನಿಂದ ಒರೆಸುತ್ತಿದ್ದಳಂತೆ. ಅದೇ ಔಷಧಿ ಕೋಣೆಯ ಕೈ ಅಲ್ವಾ?

ನನಗೆ ಇನ್ನೊಂದು ಇಷ್ಟವಾದದ್ದು ಆಕೆಯ ನೋಟ್‌ಬುಕ್ಕುಗಳು. 73 ಉಳಿದಿವೆ. ಒಂದೇ ಹಾಳೆಯಲ್ಲಿ ಕೊಲೆಯ ಉಪಾಯವೂ ಇದೆ, ಕೊಳ್ಳಬೇಕಾದ ಸಾಮಾನಿನ ಪಟ್ಟಿಯೂ ಇದೆ. ಬರೆಯಲು ಅಂತ ಆಕೆಗೆ ಬಹಳ ಕಾಲ ಬೇರೆ ಕೋಣೆ ಇರಲಿಲ್ಲ. ಗಟ್ಟಿ ಮೇಜು, ಟೈಪ್‌ರೈಟರ್ ಇದ್ದರೆ ಸಾಕು. ಅರ್ಜಿಗಳಲ್ಲಿ ಉದ್ಯೋಗ ಅನ್ನುವ ಜಾಗದಲ್ಲಿ ‘ವಿವಾಹಿತ ಹೆಂಗಸು’ ಅಂತಲೇ ಬರೆಯುತ್ತಿದ್ದಳಂತೆ. ಇದನ್ನು ಓದಿ ಬೇಜಾರು ಮಾಡಿಕೊಂಡ ಗೆಳತಿಯರಿದ್ದಾರೆ. ನನಗೆ ಬೇಜಾರಾಗಲಿಲ್ಲ. ಸ್ಟಾಕ್ ರಿಜಿಸ್ಟರಿನ ಹಿಂಬದಿಯಲ್ಲೇ ಈ ಬರಹದ ಮೊದಲ ಸಾಲು ಬರೆದವಳು ನಾನು. ಗಿರಾಕಿ ಬಂದರೆ ಪೆನ್ನು ಮುಚ್ಚಿ ಏಳಬೇಕು. ಏಳುವಾಗ ಸಾಲು ತಲೆಯಲ್ಲೇ ಇರುತ್ತದೆ.

ಈಗ ಚುಕ್ಕಿಯ ವಿಷಯಕ್ಕೆ ಬರುತ್ತೇನೆ. ಅಗಾಥಾ ಕೆಲಸ ಕಲಿಯುತ್ತಿದ್ದಾಗ ಊರಿನ ದೊಡ್ಡ ಔಷಧಿ ಅಂಗಡಿಯ ಯಜಮಾನರೊಬ್ಬರ ಹತ್ತಿರ ಪಾಠಕ್ಕೆ ಹೋಗುತ್ತಿದ್ದಳು. ಒಂದು ದಿನ ಅವರು ಸಪೋಸಿಟರಿ, ಅಂದರೆ ಮೈಯೊಳಗೆ ಇಡುವ ಮೇಣದಂಥ ಔಷಧಿ, ಮಾಡಿ ತೋರಿಸಿದರು. ಅವರ ಲೆಕ್ಕದಲ್ಲಿ ದಶಾಂಶದ ಚುಕ್ಕಿ ಜಾಗ ತಪ್ಪಿತ್ತು. ಔಷಧಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಿದ್ದಿತ್ತು. ಅಗಾಥಾ ಕಂಡಳು. ಆದರೆ ಆತ ತಾನು ತಪ್ಪು ಮಾಡಬಲ್ಲೆ ಅಂತ ಒಪ್ಪುವ ಪೈಕಿ ಅಲ್ಲ. ಕಲಿಯಲು ಬಂದ ಹುಡುಗಿ ಹೇಳಿದರೆ ಕೇಳುತ್ತಾನಾ? ಆಕೆ ಎಡವಿದ ಹಾಗೆ ಮಾಡಿ ಆ ತಟ್ಟೆಯನ್ನು ನೆಲಕ್ಕೆ ಕೆಡವಿದಳು. ಕೆಡವಿ, ಗಟ್ಟಿಯಾಗಿ ತುಳಿದಳು. ಆತ ಪರವಾಗಿಲ್ಲ ಪುಟ್ಟ ಹುಡುಗಿ ಅಂತ ಬೆನ್ನು ತಟ್ಟಿದ.

ಅದೇ ಮನುಷ್ಯ ಒಂದು ಸಲ ಜೇಬಿನಿಂದ ಕಪ್ಪಗಿನ ಒಂದು ಉಂಡೆ ತೆಗೆದು ತೋರಿಸಿದನಂತೆ. ಅದು ಕ್ಯುರಾರೆ, ಬಾಣದ ತುದಿಗೆ ಸವರುವ ವಿಷ. ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, ಇದು ಜೇಬಿನಲ್ಲಿದ್ದರೆ ನನಗೆ ಬಲ ಬಂದ ಹಾಗೆ ಅನ್ನಿಸುತ್ತದೆ ಅಂದ. ಆ ಮಾತು ಆಕೆಯ ತಲೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. 1961ರಲ್ಲಿ ‘ದಿ ಪೇಲ್ ಹಾರ್ಸ್’ ಬರೆದಾಗ ಅದರ ಹಿಂದೆ ಇದ್ದದ್ದು ಈ ಮನುಷ್ಯನ ನೆನಪು. ಅದರಲ್ಲಿ ಬರುವ ವಿಷ ಥ್ಯಾಲಿಯಂ. ಅದರ ಲಕ್ಷಣಗಳನ್ನು, ಮುಖ್ಯವಾಗಿ ತಲೆಕೂದಲು ಉದುರುವುದನ್ನು, ಆಕೆ ಸರಿಯಾಗಿ ಬರೆದಿದ್ದಾಳೆ.

ಅಗಾಥಾ ತೀರಿಕೊಂಡದ್ದು 1976ರ ಜನವರಿ 12ರಂದು, 85ನೇ ವಯಸ್ಸಿನಲ್ಲಿ. ಮರುವರ್ಷ ಕತಾರ್‌ನಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಹೆಣ್ಣು ಕೂಸನ್ನು ತಂದರು. 19 ತಿಂಗಳ ಮಗು. ಏನಾಗಿದೆ ಅಂತ ಡಾಕ್ಟರುಗಳಿಗೆ ತಿಳಿಯಲಿಲ್ಲ. ಮಗುವಿನ ಹತ್ತಿರ ಇದ್ದ ನರ್ಸ್ ಆಗ ಓದುತ್ತಿದ್ದದ್ದು ಇದೇ ಕಾದಂಬರಿ. ಮಗುವಿನ ಕೂದಲು ಉದುರುವುದನ್ನು ನೋಡಿ, ಪುಸ್ತಕದಲ್ಲಿ ಇರುವುದು ಹೀಗೇ ಅಲ್ವಾ ಅಂದಳು. ಪರೀಕ್ಷೆ ಮಾಡಿದರು. ಥ್ಯಾಲಿಯಂ. ಮನೆಯಲ್ಲಿ ಹುಳುಹುಪ್ಪಟೆಗೆ ಬಳಸುತ್ತಿದ್ದ ವಿಷದಿಂದ ಬಂದದ್ದು. ಚಿಕಿತ್ಸೆ ಸಿಕ್ಕಿ ಮಗು ಉಳಿಯಿತು. ಆ ಡಾಕ್ಟರುಗಳು ತಮ್ಮ ವರದಿಯಲ್ಲಿ ಅಗಾಥಾಗೂ ಆ ನರ್ಸ್‌ಗೂ ಕೃತಜ್ಞತೆ ಹೇಳಿದರು. ನಾನು ಈ ಕಥೆಯನ್ನು ಎಷ್ಟು ಸಲ ಓದಿದ್ದೇನೋ. ಓದಿದಾಗಲೆಲ್ಲ ನನಗೆ ಕಾಣುವುದು ತೋವಿನಕೆರೆ ದಾರಿಯ ಆ ಜಗಲಿ, ಎಣ್ಣೆ ಹಚ್ಚಿಕೊಂಡ ಕೂಸು.

ಒಂದು ಮಾತ್ರ ನನ್ನನ್ನು ಕಾಡುತ್ತಿತ್ತು. ಅಗಾಥಾ ತಟ್ಟೆ ಕೆಡವಿದಳು, ಆದರೆ ತಪ್ಪು ತೋರಿಸಲಿಲ್ಲ. ನಾನೂ ಅಂಕಿ ತಿದ್ದಿದೆ, ಆದರೆ ತಪ್ಪು ಒಪ್ಪಲಿಲ್ಲ. ಆಕೆಯದು ಬೇರೆಯವರ ತಪ್ಪು, ನನ್ನದು ನನ್ನದೇ. ಆಕೆ ಮುಂದೆ ಆತ್ಮಕಥೆಯಲ್ಲಿ ಅದನ್ನೂ ಬರೆದಳು, ಮುಲಾಮಿನ ರಾತ್ರಿಯನ್ನೂ ಮುಚ್ಚಿಡಲಿಲ್ಲ.

ಆ ಹುಣಸೆಹಣ್ಣಿನವರು ಅವತ್ತಿನಿಂದ ನಮ್ಮ ಗಿರಾಕಿ. ನಾನು ಸ್ವಂತ ಅಂಗಡಿ ಹಾಕಿದ ಮೇಲೂ ಹುಡುಕಿಕೊಂಡು ಬಂದರು. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ, ಬೀಜ ತೆಗೆದ ಹೊಸ ಹುಣಸೆಹಣ್ಣಿನ ಒಂದು ಉಂಡೆಯನ್ನು ಪೇಪರಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲೆ ಇಡುತ್ತಾರೆ. ‘ಮಗೀಗೆ ಔಷಧಿ ಸರಿ ಮಾಡಿಕೊಡೋಕೆ ಊರಿಗೇ ಬಂದ ಮೇಡಮ್ಮ’ ಅಂತ ಬೇರೆಯವರಿಗೂ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ತಲೆ ತಗ್ಗುತ್ತಿತ್ತು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು.

ಈ ಸಲ ಅವರು ಬಂದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಸ್ಟೂಲು ಹಾಕಿ ಕೂರಿಸಿದೆ. ಒಳಬದಿಯ ಚೀಟಿ ತೋರಿಸಿ ಎಲ್ಲವನ್ನೂ ಹೇಳಿದೆ. ಚುಕ್ಕಿ, ಐದು, ಮೂರು ಗಂಟೆ, ಓಡಿದ್ದು. ನನ್ನದೇ ತಪ್ಪು, ಅವತ್ತು ಹೇಳಲಿಲ್ಲ ಅಂದೆ. ಅವರು ಟವೆಲ್‌ನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮವ್ವಂಗೆ ಅವತ್ತೇ ಗೊತ್ತಿತ್ತು ಮೇಡಮ್ಮ’ ಅಂದರು. ‘ನೀವು ಬಸ್ಸಿಗೆ ಹೋದ ಮೇಲೆ ಹೇಳ್ತು. ಬರೀ ಚೀಟಿ ಬದಲಾಯಿಸೋಕೆ ಯಾರಾದ್ರೂ ತಲೆ ಬಾಚದೆ ಬರ್ತಾರೇನ್ಲಾ? ಆ ಹುಡುಗಿ ಏನೋ ತಪ್ಪು ಬರ್ಕೊಟ್ಟೈತೆ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಇನ್ಮೇಲೆ ಔಷಧಿ ಅದರ ಹತ್ರಾನೇ ತಗೋ ಅಂತು.’